ಕಪಾಟಿನ ಕತ್ತಿ, ಅಡುಗೆಮನೆಯ ಕತ್ತಿ

ಕಳೆದ ವರ್ಷ ಶಾಸ್ತ್ರೋತ್ಸವಕ್ಕೆ ಮೊದಲು ನಮ್ಮ ಶಾಲೆಯಲ್ಲಿ ಒಂದು ಗಾಜಿನ ಕಪಾಟು ಖಾಲಿಯಾಯಿತು. ಊರಿನ ಹಳೆಯ ಉಪಕರಣಗಳನ್ನು ಅದರಲ್ಲಿ ಜೋಡಿಸೋಣ, ಮನೆಯಲ್ಲಿ ಏನಾದರೂ ಇದ್ದರೆ ತನ್ನಿ ಅಂತ ಮಕ್ಕಳಿಗೆ ಹೇಳಿದೆ. ವಾರದೊಳಗೆ ಸೇರು, ಪಾವು, ಅಡಕತ್ತರಿ, ಚಿಮಿಣಿ ದೀಪ ಎಲ್ಲ ಬಂದವು. ಜೊತೆಗೆ ಎರಡು ಕತ್ತಿಗಳೂ ಬಂದವು, ಅಡಿಕೆ ಹಾಳೆಯಲ್ಲಿ ಸುತ್ತಿ, ಬಾಳೆಹಗ್ಗ ಕಟ್ಟಿ. (ಕತ್ತಿಯನ್ನು ಮಕ್ಕಳ ಕೈಯಲ್ಲಿ ತರಿಸಬಾರದಿತ್ತು, ಹಿರಿಯರೇ ತಂದುಕೊಡಬೇಕು ಎಂದು ಮೊದಲೇ ಹೇಳಬೇಕಿತ್ತು. ಏನೂ ಆಗಲಿಲ್ಲ ಎಂಬುದು ನನ್ನ ಪುಣ್ಯ.)

ಒಂದು, ಮರದ ಹಿಡಿಯ ಪೀಶಕತ್ತಿ. ಅಟ್ಟದ ಮೇಲೆ ಎಷ್ಟೋ ವರ್ಷ ಬಿದ್ದಿದ್ದು, ಮೈಯೆಲ್ಲ ತುಕ್ಕು. ಇನ್ನೊಂದು, ಮೆಟ್ಟುಕತ್ತಿ. ಘಟ್ಟದ ಮೇಲಿನವರು ಈಳಿಗೆ ಮಣೆ ಅನ್ನುವುದು ಇದನ್ನೇ. ಮರಾಠಿಯಲ್ಲಿ ವಿಳಿ, ತೆಲುಗಿನಲ್ಲಿ ಕತ್ತಿಪೀಟ, ತಮಿಳಿನಲ್ಲಿ ಅರಿವಾಳ್‌ಮನೆ. ನಮ್ಮ ಪತ್ರಿಕೆ ಓದುವವರೆಲ್ಲರ ಮನೆಯಲ್ಲೂ ಯಾವುದೋ ಒಂದು ಹೆಸರಿನಲ್ಲಿ ಇದ್ದೇ ಇರುತ್ತದೆ.

ಪೀಶಕತ್ತಿಯನ್ನು ನಾನು ಮರಳುಕಾಗದ ಹಾಕಿ ಉಜ್ಜಿದೆ. ಒಂದು ಗಂಟೆಯಲ್ಲಿ ಬೆಳ್ಳಗೆ ಹೊಳೆಯಿತು. ಮೆಟ್ಟುಕತ್ತಿಗೆ ತುಕ್ಕು ಇರಲಿಲ್ಲ, ಮೈ ಕಪ್ಪಗಿತ್ತು, ಬಾಯಿ ಮಾತ್ರ ಫಳಫಳ. ಅದು ಹಾಗೆಯೇ ಉಳಿಯಲಿ ಅಂತ ಒಂದು ಕೈ ವಾರ್ನಿಶ್ ಬಳಿದು, ಚೀಟಿ ಅಂಟಿಸಿ, ಕಪಾಟಿನಲ್ಲಿಟ್ಟೆ. ನನ್ನ ಮಟ್ಟಿಗೆ ಎರಡೂ ಒಳ್ಳೆಯ ಕೆಲಸವೇ.

ಮೂರನೇ ದಿನ ಬೆಳಗ್ಗೆ ಒಬ್ಬರು ಅಜ್ಜಿ ಗೇಟಿನ ಹತ್ತಿರ ನಿಂತಿದ್ದರು.

“ಮಾಷ್ಟ್ರೇ, ನಮ್ಮ ಮೆಟ್ಟುಕತ್ತಿ ಶಾಲೆಗೆ ಬಂದಿದೆಯಂತೆ ಹೌದಾ? ಎರಡು ದಿನದಿಂದ ಹುಡುಕ್ತಾ ಇದ್ದೇನೆ. ಬಾಳೆದಿಂಡು ಕೊಚ್ಚಲಿಕ್ಕೆ ಆಗುವುದಿಲ್ಲ. ಮಗ ತಂದ ಬಿಳೀ ಚೂರಿ ಜಾರ್ತದೆ.”

ಹಳೆಯದು ಎಂದೊಡನೆ ಹುಡುಗ ಮನೆಯಲ್ಲಿ ಅತ್ಯಂತ ಹಳೆಯದಾಗಿ ಕಂಡದ್ದನ್ನು ಎತ್ತಿಕೊಂಡು ಬಂದಿದ್ದ. ಅದು ದಿನಾ ಕೆಲಸ ಮಾಡುವ ಕತ್ತಿ ಎಂಬುದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಬಾಯಿ ಫಳಫಳ ಇದ್ದದ್ದನ್ನು ಕಣ್ಣಾರೆ ಕಂಡಿದ್ದೆ. ಪ್ರತಿದಿನ ಮಸೆಯದೆ ಆ ಹೊಳಪು ಬರುವುದು ಎಲ್ಲಿಂದ ಎಂದು ವಿಜ್ಞಾನ ಕಲಿಸುವವನಾಗಿ ಕೇಳಿಕೊಳ್ಳಬೇಕಿತ್ತು.

ಅದೇ ವಾರ ಪೀಶಕತ್ತಿಯ ಮನೆಯವರೂ ಬಂದರು. ಅಲಗಿನ ಬುಡದಲ್ಲಿ ಒಂದು ಸಣ್ಣ ಮುದ್ರೆ ಇತ್ತು, ಯಾವ ಕುಲುಮೆಯದು ಅಂತ ಅದರಿಂದ ಗೊತ್ತಾಗುತ್ತಿತ್ತು ಎಂದರು. ಹೋಗಿ ನೋಡಿದರೆ ಮುದ್ರೆ ಇಲ್ಲ. ಮರಳುಕಾಗದದಲ್ಲಿ ಹೋಗಿತ್ತು. ಇಡಬೇಕಾದ ಕತ್ತಿಯನ್ನು ಉಜ್ಜಿದೆ, ಉಜ್ಜಬೇಕಾದ ಕತ್ತಿಯನ್ನು ಇಟ್ಟೆ. ಕತ್ತಿಯನ್ನು ಸಂಗ್ರಹಿಸುವುದಕ್ಕೂ ಬಳಸಲು ಕೊಳ್ಳುವುದಕ್ಕೂ ಇರುವ ವ್ಯತ್ಯಾಸವೆಲ್ಲ ಇಲ್ಲೇ ಇದೆ ಅಂತ ನನಗೆ ಆಮೇಲೆ ಅನಿಸಿತು. ಮಸೆದಾಗಲೆಲ್ಲ ಕತ್ತಿಯಿಂದ ಸ್ವಲ್ಪ ಲೋಹ ಹೋಗುತ್ತದೆ. ಬಳಸುವ ಕತ್ತಿ ಅದರಿಂದಲೇ ಬದುಕುತ್ತದೆ, ಸಂಗ್ರಹದ ಕತ್ತಿ ಅದರಿಂದಲೇ ತನ್ನ ಸಾಕ್ಷ್ಯ ಕಳೆದುಕೊಳ್ಳುತ್ತದೆ. ಈ ಎರಡು ಕತ್ತಿಗಳನ್ನು ಹಿಡಿದುಕೊಂಡು ತರಗತಿಯಲ್ಲಿ ಏನೇನು ಮಾಡಬಹುದು ಎಂಬುದನ್ನು ಇಲ್ಲಿ ಹೇಳುತ್ತೇನೆ.

ಬಾಯಿಯ ಲೆಕ್ಕ

ಒತ್ತಡದ ಪಾಠದಲ್ಲಿ ಹರಿತವಾದ ಕತ್ತಿಯ ಉದಾಹರಣೆ ಎಲ್ಲ ಪುಸ್ತಕದಲ್ಲೂ ಬರುತ್ತದೆ. ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತೇವೆ. ಅಂಕಿ ಹಾಕಿ ನೋಡಿದರೆ ಮಕ್ಕಳ ಕಣ್ಣು ಅರಳುತ್ತದೆ.

ಒಂದು ಕಿಲೋ ತೂಕದಷ್ಟು, ಅಂದರೆ ಸುಮಾರು 10 ನ್ಯೂಟನ್ ಬಲ ಹಾಕಿ ಬಾಳೆಕಾಯಿಯ ಮೇಲೆ ಕತ್ತಿ ಒತ್ತಿದಿರಿ ಎನ್ನೋಣ. ಕಾಯಿಗೆ ತಾಗಿರುವ ಬಾಯಿಯ ಉದ್ದ 1 ಸೆಂಟಿಮೀಟರ್. ಚೆನ್ನಾಗಿ ಮಸೆದ ಬಾಯಿಯ ತುದಿ ಸುಮಾರು 1 ಮೈಕ್ರೋಮೀಟರ್ ಅಗಲ ಇರಬಹುದು. ವಿಸ್ತೀರ್ಣ ಒಂದು ಚದರ ಮೀಟರಿನ ಹತ್ತು ಕೋಟಿಯಲ್ಲಿ ಒಂದು ಭಾಗ. ಒತ್ತಡ 100 ಕೋಟಿ ಪಾಸ್ಕಲ್, ವಾತಾವರಣದ ಒತ್ತಡದ ಹತ್ತು ಸಾವಿರ ಪಟ್ಟು. ಅದೇ ಕತ್ತಿಯ ಬಾಯಿ ಮೊಂಡಾಗಿ 50 ಮೈಕ್ರೋಮೀಟರ್ ಅಗಲವಾದರೆ ಒತ್ತಡ 2 ಕೋಟಿ ಪಾಸ್ಕಲ್‌ಗೆ ಇಳಿಯುತ್ತದೆ. ಕೊಟ್ಟ ಬಲ ಒಂದೇ, ಸಿಕ್ಕಿದ್ದು ಐವತ್ತನೇ ಒಂದು ಭಾಗ. ನಿಜವಾದ ಕತ್ತರಿಕೆ ಇಷ್ಟು ಸರಳವಲ್ಲ, ಕಾಯಿ ಬಾಗುತ್ತದೆ, ಅಲಗಿನ ಎರಡು ಬದಿ ತಿಕ್ಕುತ್ತದೆ. ಆದರೂ ಮೊಂಡು ಕತ್ತಿಯೇ ಹೆಚ್ಚು ಅಪಾಯ ಎಂದು ಹಿರಿಯರು ಹೇಳುವುದೇಕೆ ಎಂಬುದು ಈ ಲೆಕ್ಕದಲ್ಲಿ ಇದೆ. ಬಲ ಜಾಸ್ತಿ ಹಾಕುತ್ತೇವೆ, ಜಾರಿದಾಗ ಆ ಬಲವೆಲ್ಲ ಬೆರಳಿಗೆ ಬರುತ್ತದೆ. ಅಜ್ಜಿ ‘ಜಾರ್ತದೆ’ ಅಂದದ್ದು ಇದನ್ನೇ.

ಮೆಟ್ಟುಕತ್ತಿಯಲ್ಲಿ ಇನ್ನೊಂದು ಉಪಾಯವಿದೆ. ಮಣೆಯನ್ನು ಕಾಲಿನಲ್ಲಿ ಮೆಟ್ಟಿದ ಕಾರಣ ಕತ್ತಿ ಅಲ್ಲಾಡುವುದಿಲ್ಲ, ತರಕಾರಿ ಅಲ್ಲಾಡುತ್ತದೆ. ಎರಡು ಕೈಯೂ ತರಕಾರಿಗೆ. ಅಲಗು ಬಾಗಿರುವುದರಿಂದ ತರಕಾರಿಯನ್ನು ಮುಂದಕ್ಕೆ ನೂಕಿದಾಗ ಅದು ಬಾಯಿಯ ಮೇಲೆ ಸ್ವಲ್ಪ ಜಾರಿಕೊಂಡೇ ಹೋಗುತ್ತದೆ. ಬರೀ ಒತ್ತಿದರೆ ಟೊಮೆಟೊ ಜಜ್ಜಿಹೋಗುತ್ತದೆ, ಎಳೆದು ಕೊಯ್ದರೆ ಸಿಪ್ಪೆ ಹರಿಯುತ್ತದೆ. ಬಾಗಿದ ಅಲಗಿನಲ್ಲಿ ಎಳೆತ ತಾನಾಗಿಯೇ ಬರುತ್ತದೆ. ಇದನ್ನು ತೋರಿಸಲು ಕತ್ತಿ ಬೇಡ. ಬಿಗಿಯಾಗಿ ಕಟ್ಟಿದ ನೂಲಿನಿಂದ ಬೇಯಿಸಿದ ಮೊಟ್ಟೆಯನ್ನು ಒಮ್ಮೆ ಒತ್ತಿ, ಒಮ್ಮೆ ಎಳೆದು ಕತ್ತರಿಸಿದರೆ ಸಾಕು.

ಅಜ್ಜಿ ಹೇಳಿದ ಇನ್ನೊಂದು ಮಾತು ನಮಗೆ ಗಣಿತದ ಪಾಠವಾಯಿತು. “ನಾನು ಮದುವೆಯಾಗಿ ಬರುವಾಗ ಇದು ಮೂರು ಬೆರಳು ಅಗಲ ಇತ್ತು. ಈಗ ಒಂದೂವರೆ.” ಮದುವೆಯಾಗಿ 45 ವರ್ಷ. ಮಕ್ಕಳು ಅವರ ಬೆರಳಿನ ಅಗಲವನ್ನೇ ಅಳೆದು, ಸುಮಾರು 25 ಮಿಲಿಮೀಟರ್ ಸವೆದಿದೆ ಅಂತ ಇಟ್ಟುಕೊಂಡರು. ವರ್ಷಕ್ಕೆ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ವಾರಕ್ಕೊಮ್ಮೆ ಮಸೆದರೆ ಒಂದು ಸಲಕ್ಕೆ ಹೋದದ್ದು ಸುಮಾರು 11 ಮೈಕ್ರೋಮೀಟರ್. ಮನುಷ್ಯನ ಕೂದಲು 50ರಿಂದ 100 ಮೈಕ್ರೋಮೀಟರ್ ದಪ್ಪ. ಅಂದರೆ ಒಂದು ಕೂದಲಿನ ದಪ್ಪದಷ್ಟು ಉಕ್ಕು ಹೋಗಬೇಕಾದರೆ ಐದರಿಂದ ಒಂಬತ್ತು ವಾರ ಬೇಕು. ಆ ಲೋಹವೆಲ್ಲ ಎಲ್ಲಿಗೆ ಹೋಯಿತು ಸರ್ ಅಂತ ಒಬ್ಬಳು ಕೇಳಿದಳು. ಬಾವಿಕಟ್ಟೆಯ ಕಲ್ಲಿಗೆ, ನೀರಿಗೆ, ಸ್ವಲ್ಪ ಸಾಂಬಾರಿಗೆ ಅಂದೆ. ತರಗತಿ ನಕ್ಕಿತು, ಆದರೆ ಸುಳ್ಳೇನಲ್ಲ.

ಹದ

ಮೆಟ್ಟುಕತ್ತಿ ಯಾವುದರಿಂದ ಮಾಡಿದ್ದು ಅಂತ ತಿಳಿಯಲು ಹುಡುಗರನ್ನು ಕರೆದುಕೊಂಡು ಹತ್ತಿರದ ಆಚಾರಿಯವರ ಕುಲುಮೆಗೆ ಹೋದೆ. ಅವರು ಕತ್ತಿಯನ್ನು ಬೆರಳಿನಲ್ಲಿ ತಟ್ಟಿ, ಅರದಿಂದ ಬಾಯಿಯನ್ನು ಒಮ್ಮೆ ಸವರಿ, “ಲಾರಿ ಪ್ಲೇಟು” ಅಂದರು. ಹಳೆಯ ಲಾರಿಗಳ ಸ್ಪ್ರಿಂಗ್ ಪ್ಲೇಟು ನಮ್ಮ ದೇಶದ ಕುಲುಮೆಗಳಿಗೆಲ್ಲ ಬಂಡವಾಳ. ಅದರಲ್ಲಿ ಇಂಗಾಲ ಸುಮಾರು ಶೇಕಡಾ 0.5ರಿಂದ 0.6ರಷ್ಟು. ಕಿಟಕಿಯ ಸರಳಿನಂಥ ಮೆದು ಕಬ್ಬಿಣದಲ್ಲಿ ಇದರ ಅರ್ಧವೂ ಇರುವುದಿಲ್ಲ, ಆದ್ದರಿಂದ ಅದಕ್ಕೆ ಹದ ಏರುವುದಿಲ್ಲ.

ಹದ ಎಂದರೇನು? ಕಬ್ಬಿಣವನ್ನು ಕೆಂಪಗೆ, ಸುಮಾರು 800 ಡಿಗ್ರಿ ಸೆಲ್ಸಿಯಸ್ ಮೀರುವಂತೆ ಕಾಯಿಸಿದಾಗ ಅದರ ಪರಮಾಣುಗಳ ಜೋಡಣೆ ಬದಲಾಗಿ ಇಂಗಾಲಕ್ಕೆ ಒಳಗೆ ಜಾಗ ಸಿಗುತ್ತದೆ. ನಿಧಾನ ತಣಿದರೆ ಇಂಗಾಲ ಹೊರಬಂದು ಬೇರೆಯಾಗಿ ಕೂರುತ್ತದೆ, ಉಕ್ಕು ಮೆದುವಾಗುತ್ತದೆ. ಥಟ್ಟನೆ ನೀರಿಗೋ ಎಣ್ಣೆಗೋ ಅದ್ದಿದರೆ ಹೊರಬರಲು ಸಮಯವಿಲ್ಲ. ಒಳಗೇ ಸಿಕ್ಕಿಬಿದ್ದು ಜೋಡಣೆಯನ್ನು ಎಳೆದು ಬಿಗಿಮಾಡುತ್ತದೆ. ಉಕ್ಕು ಗಡಸಾಗುತ್ತದೆ, ಆದರೆ ಗಾಜಿನ ಹಾಗೆ ಮುರಿಯುತ್ತದೆ. ಆದ್ದರಿಂದ ಮತ್ತೆ ಸ್ವಲ್ಪ ಕಾಯಿಸಬೇಕು. ಉಜ್ಜಿ ಬೆಳ್ಳಗೆ ಮಾಡಿದ ಭಾಗದಲ್ಲಿ ಬಣ್ಣ ಓಡುತ್ತದೆ: ಸುಮಾರು 220 ಡಿಗ್ರಿಯಲ್ಲಿ ಒಣಹುಲ್ಲಿನ ಬಣ್ಣ, 260ರ ಹತ್ತಿರ ಕಂದು, 300ರ ಹತ್ತಿರ ನೀಲಿ. ಆಕ್ಸೈಡಿನ ತೆಳು ಪದರದಲ್ಲಿ ಬೆಳಕಿನ ವ್ಯತಿಕರಣದಿಂದ ಬರುವ ಬಣ್ಣ ಅದು, ನೀರಿನ ಮೇಲಿನ ಎಣ್ಣೆಯಲ್ಲಿ ಕಾಣುವುದೂ ಅದೇ. ಆಚಾರಿಯವರಿಗೆ ಥರ್ಮಾಮೀಟರ್ ಬೇಡ. ಕತ್ತಿಯ ಬಾಯಿಗೆ ಹುಲ್ಲಿನ ಬಣ್ಣ, ಸ್ಪ್ರಿಂಗಿಗೆ ನೀಲಿ.

ತರಗತಿಯಲ್ಲಿ ಇದನ್ನು ಹೊಲಿಗೆ ಸೂಜಿಯಲ್ಲಿ ಮಾಡಿ ತೋರಿಸಬಹುದು. ಮೂರು ಸೂಜಿಗಳನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಯಲ್ಲಿ ಕೆಂಪಗೆ ಕಾಯಿಸಿ. ಒಂದನ್ನು ನಿಧಾನ ತಣಿಯಲು ಬಿಡಿ, ಅದು ತಂತಿಯಂತೆ ಬಾಗುತ್ತದೆ. ಉಳಿದೆರಡನ್ನು ಕೆಂಪಗಿರುವಾಗಲೇ ನೀರಿಗೆ ಅದ್ದಿ. ಅವುಗಳಲ್ಲಿ ಒಂದನ್ನು ಬಾಗಿಸಲು ನೋಡಿದರೆ ಟಕ್ ಎಂದು ಮುರಿಯುತ್ತದೆ. ಇನ್ನೊಂದನ್ನು ಉಜ್ಜಿ, ಉರಿಯಿಂದ ಮೇಲೆ ಹಿಡಿದು ನೀಲಿ ಬಣ್ಣ ಬರುವಷ್ಟು ಮಾತ್ರ ಕಾಯಿಸಿದರೆ ಸ್ಪ್ರಿಂಗಿನಂತೆ ಬಾಗಿ ಹಿಂದೆ ಬರುತ್ತದೆ. ಮುರಿಯುವಾಗ ಚೂರು ಹಾರುತ್ತದೆ. ಕಣ್ಣಿಗೆ ಕನ್ನಡಕ ಇರಲಿ, ಕೆಲಸ ಶಿಕ್ಷಕರ ಕೈಯಲ್ಲೇ ಇರಲಿ.

ಗಡಸು ಹೆಚ್ಚಾದಷ್ಟು ಬಾಯಿ ಬಹಳ ದಿನ ನಿಲ್ಲುತ್ತದೆ, ಆದರೆ ಚಕ್ಕೆ ಏಳುತ್ತದೆ, ಮಸೆಯಲೂ ಕಷ್ಟ. ತೆಂಗಿನಕಾಯಿ ಒಡೆಯುವ ಕತ್ತಿಗೂ ಮೀನು ಕೊಯ್ಯುವ ಚೂರಿಗೂ ಒಂದೇ ಹದ ಆಗುವುದಿಲ್ಲ. ಬಳಕೆಯ ಕತ್ತಿ ಯಾವಾಗಲೂ ಒಂದು ರಾಜಿ. ಸಂಗ್ರಹದ ಕತ್ತಿಗೆ ಈ ಚಿಂತೆಯೇ ಇಲ್ಲ. 2023ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಟಿಪ್ಪು ಸುಲ್ತಾನನ ಒಂದು ಖಡ್ಗ ಸುಮಾರು 1.4 ಕೋಟಿ ಪೌಂಡಿಗೆ ಹರಾಜಾಯಿತು. ಅದರ ಬಾಯಿ ಹರಿತವಾಗಿದೆಯೇ ಎಂದು ನೋಡಿ ಯಾರೂ ಬೆಲೆ ಕೂಗಿರಲಾರರು.

ಹಾಗಾದರೆ ಸಂಗ್ರಹದಿಂದ ಏನು ಲಾಭ? ಅಜ್ಜಿಯ ಮುಖ ನೋಡಿದ ದಿನ ನನಗೂ ಆ ಪ್ರಶ್ನೆ ಬಂದಿತ್ತು. ಉತ್ತರ ನಮ್ಮದೇ ಒಂದು ಪದದ ಹಿಂದೆ ಹೋದಾಗ ಸಿಕ್ಕಿತು.

ದಕ್ಷಿಣ ಭಾರತದಲ್ಲಿ ಮೂಸೆಯಲ್ಲಿ ಕರಗಿಸಿ ತೆಗೆಯುತ್ತಿದ್ದ, ಸುಮಾರು ಶೇಕಡಾ 1.5 ಇಂಗಾಲದ ಉಕ್ಕನ್ನು ಯುರೋಪಿನವರು ವೂಟ್ಜ್ ಎಂದು ಕರೆದರು. ಆ ಹೆಸರು ನಮ್ಮ ‘ಉಕ್ಕು’ ಪದದಿಂದಲೇ ಬಂದದ್ದು ಎಂದು ಹೆಚ್ಚಿನವರ ಅಭಿಪ್ರಾಯ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಗೆ ಅದರ ಬಗ್ಗೆ ಪ್ರಬಂಧ ಕೊಟ್ಟರು. ವಿದ್ಯುತ್ತಿನ ಪಾಠದಲ್ಲಿ ನಾವು ಹೇಳುವ ಮೈಕೆಲ್ ಫ್ಯಾರಡೆ, ಕತ್ತಿ-ಚೂರಿ ತಯಾರಿಸುತ್ತಿದ್ದ ಜೇಮ್ಸ್ ಸ್ಟೊಡಾರ್ಟ್ ಜೊತೆ ಸೇರಿ 1818ರ ನಂತರ ಕೆಲವು ವರ್ಷ ಇದೇ ಉಕ್ಕಿನ ಹಿಂದೆ ಬಿದ್ದಿದ್ದರು. ಈ ಉಕ್ಕಿನ ಅಲಗಿನ ಮೇಲೆ ನೀರಿನ ಅಲೆಯಂಥ ಗೆರೆಗಳು ಕಾಣುತ್ತಿದ್ದವು. ಹತ್ತೊಂಬತ್ತನೇ ಶತಮಾನದಲ್ಲಿ ಆ ವಿದ್ಯೆ ಕೈತಪ್ಪಿತು. ಗೆರೆ ಹೇಗೆ ಬರುತ್ತದೆ ಎಂಬುದು ಮಾಡುವವರಿಗೂ ಗೊತ್ತಿಲ್ಲದಂತಾಯಿತು.

ಅದನ್ನು ಮತ್ತೆ ಬಿಡಿಸಲು ನೆರವಾದದ್ದು ಒಬ್ಬ ಸಂಗ್ರಾಹಕನ ಕಪಾಟು. ಸ್ವಿಟ್ಜರ್ಲೆಂಡಿನ ಹೆನ್ರಿ ಮೋಸರ್ ಪೂರ್ವದೇಶಗಳಿಂದ ಕೂಡಿಸಿದ ಆಯುಧಗಳನ್ನು ಬರ್ನ್ ನಗರದ ವಸ್ತುಸಂಗ್ರಹಾಲಯಕ್ಕೆ ಕೊಟ್ಟಿದ್ದ. ಅವುಗಳಲ್ಲಿ ಕೆಲವನ್ನು ಪರೀಕ್ಷೆಗಾಗಿ ಕತ್ತರಿಸಲು ಒಪ್ಪಿದ. 1924ರಲ್ಲಿ ಚೊಕ್ಕೆ ಎಂಬ ವಿಜ್ಞಾನಿ ಅವುಗಳ ವಿಶ್ಲೇಷಣೆ ಪ್ರಕಟಿಸಿದರು. ಉಳಿದ ತುಂಡುಗಳು ಹಾಗೇ ಇದ್ದವು. ಅಮೆರಿಕದ ಲೋಹವಿಜ್ಞಾನಿ ಜಾನ್ ವೆರ್ಹೋವನ್ ಮತ್ತು ಕಮ್ಮಾರ ಆಲ್ಫ್ರೆಡ್ ಪೆಂಡ್ರೆ ಆ ತುಂಡುಗಳನ್ನೂ ಪರೀಕ್ಷಿಸಿ, ಅದಿರಿನಿಂದ ಬಂದ ಅತ್ಯಲ್ಪ ವೆನೇಡಿಯಂನಂಥ ಬೆರಕೆಯೇ ಗೆರೆಗೆ ಕಾರಣ ಎಂದು 1998ರಲ್ಲಿ ತೋರಿಸಿದರು. ತಾವೇ ಅಂಥ ಅಲಗು ಮಾಡಿಯೂ ತೋರಿಸಿದರು. 2006ರಲ್ಲಿ ಜರ್ಮನಿಯ ಡ್ರೆಸ್ಡೆನ್ನಿನ ತಂಡ ಅದೇ ವಸ್ತುಸಂಗ್ರಹಾಲಯದ 17ನೇ ಶತಮಾನದ ಒಂದು ಖಡ್ಗದ ಚೂರಿನಲ್ಲಿ ಇಂಗಾಲದ ನ್ಯಾನೋ ಕೊಳವೆಗಳು ಕಂಡವು ಎಂದು ವರದಿ ಮಾಡಿತು. ಯಾರೋ ಒಬ್ಬರು ನನ್ನ ಹಾಗೆ ಮರಳುಕಾಗದ ಹಿಡಿದು ಕೂತಿದ್ದರೆ, ಅಥವಾ ಮೊಂಡಾಯಿತು ಎಂದು ಕರಗಿಸಿದ್ದರೆ, ಇದ್ಯಾವುದೂ ಆಗುತ್ತಿರಲಿಲ್ಲ.

ಈಗ ಅಂಗಡಿಯಲ್ಲೂ ಆನ್‌ಲೈನಿನಲ್ಲೂ ‘ಡಮಾಸ್ಕಸ್’ ಹೆಸರಿನಲ್ಲಿ ಅಲೆ ಗೆರೆಯ ಚೂರಿ ಸಿಗುತ್ತದೆ. ಹೆಚ್ಚಿನವು ಎರಡು ಬಗೆಯ ಉಕ್ಕನ್ನು ಪದರ ಪದರವಾಗಿ ಬೆಸೆದು ಆಮ್ಲದಲ್ಲಿ ಅದ್ದಿದವು. ಕೆಲವಂತೂ ಸಾಧಾರಣ ಸ್ಟೀಲಿನ ಮೇಲೆ ಗೆರೆ ಕೊರೆದವು ಮಾತ್ರ. ಚೆಂದಕ್ಕೆ ಕೊಳ್ಳುವವರು ಕೊಳ್ಳಲಿ. ಗೆರೆಯಿಂದ ಬೆಂಡೆಕಾಯಿ ಚೆನ್ನಾಗಿ ಹೆಚ್ಚುತ್ತದೆ ಎಂದು ಮಾತ್ರ ನಂಬಬೇಡಿ.

ಅಜ್ಜಿ ಬೈದ ‘ಬಿಳೀ ಚೂರಿ’ಯದ್ದೂ ಒಂದು ಕಥೆ ಇದೆ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಗೆಗೆ ಬಾಳಿಕೆಯ ಉಕ್ಕು ಹುಡುಕುತ್ತ, ಶೇಕಡಾ 12.8 ಕ್ರೋಮಿಯಂ, 0.24 ಇಂಗಾಲ ಇರುವ ಒಂದು ಉಕ್ಕು ಮಾಡಿದರು. ಅದಕ್ಕೆ ತುಕ್ಕು ಹಿಡಿಯಲಿಲ್ಲ. ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಸೇರಿ ಕಣ್ಣಿಗೆ ಕಾಣದಷ್ಟು ತೆಳುವಾದ ಪದರ ಕಟ್ಟುತ್ತದೆ. ಗೀರಿದರೆ ಮತ್ತೆ ತಾನೇ ಕಟ್ಟಿಕೊಳ್ಳುತ್ತದೆ. ಆದರೆ ಮೊದಮೊದಲು ಅದಕ್ಕೆ ಸರಿಯಾದ ಹದ ಕೊಡಲು ತಿಳಿಯದೆ, ಕತ್ತರಿಸದ ಚೂರಿ ಎಂದು ಜನ ಬ್ರಿಯರ್ಲಿಯನ್ನು ಗೇಲಿ ಮಾಡಿದ್ದುಂಟು. ಈಗ ಒಳ್ಳೆಯ ಸ್ಟೇನ್‌ಲೆಸ್ ಚೂರಿಗಳು ಬೇಕಾದಷ್ಟಿವೆ. ಅಗ್ಗದವುಗಳ ಬಗ್ಗೆ ಅಜ್ಜಿಯ ಮಾತೇ ಸರಿ.

ಕೊಳ್ಳುವಾಗ

ನಮ್ಮ ಸ್ಟಾಫ್ ರೂಮಿನಲ್ಲಿ ಇದೇ ಚರ್ಚೆ ಒಂದು ವಾರ ನಡೆಯಿತು. ನನ್ನ ಅಭಿಪ್ರಾಯ ಇಷ್ಟು. ಕಾಸರಗೋಡಿನ ಮಳೆಗಾಲದ ತೇವದಲ್ಲಿ ನಿಂಬೆ, ಟೊಮೆಟೊ, ಮಾವಿನಕಾಯಿಯಂಥ ಹುಳಿಗೆ ಒಂದು ಸಣ್ಣ ಸ್ಟೇನ್‌ಲೆಸ್ ಚೂರಿ ಸಾಕು. ಬಾಳೆದಿಂಡು, ಹಲಸಿನಕಾಯಿ, ಸುವರ್ಣಗೆಡ್ಡೆಗೆ ಕುಲುಮೆಯ ಕತ್ತಿಯೇ ಬೇಕು. ಅದನ್ನು ಮನೆಯ ಕಲ್ಲಿನಲ್ಲೇ ಎರಡು ನಿಮಿಷದಲ್ಲಿ ಮಸೆಯಬಹುದು. ಆರು ಚೂರಿಯ ಸೆಟ್ಟು ಕೊಂಡವರ ಮನೆಯಲ್ಲಿ ಐದು ಚೂರಿ ಸುಮ್ಮನೆ ಮಲಗಿರುತ್ತವೆ. ಅದು ಸಂಗ್ರಹವೂ ಅಲ್ಲ, ಬಳಕೆಯೂ ಅಲ್ಲ.

ಕುಲುಮೆಯಲ್ಲಿ ಕೊಳ್ಳುವಾಗ ಅರದಿಂದ ಬಾಯಿಯನ್ನು ಮೆಲ್ಲಗೆ ಸವರಿಸಿ ನೋಡಿ. ಅರ ಆಳವಾಗಿ ಕಚ್ಚಿದರೆ ಹದ ಏರಿಲ್ಲ. ಗಾಜಿನ ಮೇಲಿನಂತೆ ಪೂರ್ತಿ ಜಾರಿದರೆ ವಿಪರೀತ ಗಡಸು. ಕಷ್ಟಪಟ್ಟು ಸ್ವಲ್ಪ ಕಚ್ಚಬೇಕು. ಅಲಗು ಬೆನ್ನಿನಿಂದ ಬಾಯಿಗೆ ಬರುತ್ತ ತೆಳುವಾಗಿದೆಯೇ ನೋಡಿ. ಹಿಡಿ ಅಲ್ಲಾಡಬಾರದು.

ಮಸೆಯುವ ಕೋನಕ್ಕೆ ತ್ರಿಕೋನಮಿತಿ ಸಾಕು. ಅಲಗು 3 ಸೆಂಟಿಮೀಟರ್ ಅಗಲ ಇದ್ದು ಬೆನ್ನನ್ನು ಕಲ್ಲಿನಿಂದ 1 ಸೆಂಟಿಮೀಟರ್ ಎತ್ತಿದರೆ ಸೈನ್ ಬೆಲೆ ಮೂರನೇ ಒಂದು, ಕೋನ ಸುಮಾರು 19.5 ಡಿಗ್ರಿ. ಅಡುಗೆಮನೆಗೆ 15ರಿಂದ 20 ಡಿಗ್ರಿ ಹದವಾದದ್ದು. ಕಡಿಯುವ ಕತ್ತಿಗೆ 25 ದಾಟಿದರೂ ಆದೀತು. ಹತ್ತನೇ ತರಗತಿಯವರಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ನನಗೆ ಸಿಕ್ಕಿಲ್ಲ. ಅಗಲ ಸವೆಯುತ್ತ ಬಂದಂತೆ ಎಷ್ಟು ಎತ್ತಬೇಕು ಎಂದು ಕೇಳಿ, ಅಜ್ಜಿ ಕಣ್ಣಂದಾಜಿನಲ್ಲೇ ಬದಲಾಯಿಸಿಕೊಳ್ಳುತ್ತ ಬಂದದ್ದು ಅವರಿಗೆ ಅರ್ಥವಾಗುತ್ತದೆ.

ಬಾಳೆಕಾಯಿ ಹೆಚ್ಚಿದಾಗ ಕಬ್ಬಿಣದ ಕತ್ತಿ ಕಪ್ಪಾಗುವುದು ತುಕ್ಕಲ್ಲ. ಕಾಯಿಯ ಟ್ಯಾನಿನ್ ಕಬ್ಬಿಣದೊಡನೆ ಸೇರಿ ಕಪ್ಪು ಸಂಯುಕ್ತ ಆಗುತ್ತದೆ. ಹಿಂದಿನ ಕಾಲದ ಒಂದು ಬಗೆಯ ಶಾಯಿಯೂ ಇದೇ. ವಿನೆಗರಿನಲ್ಲಿ ಎರಡು ದಿನ ಮೊಳೆ ನೆನೆಹಾಕಿ, ಆ ನೀರಿನ ನಾಲ್ಕು ಹನಿಯನ್ನು ಕಟ್ಟಾ ಚಹಾಕ್ಕೆ ಹಾಕಿದರೆ ತರಗತಿಯಲ್ಲೇ ಶಾಯಿ ಸಿದ್ಧ. ಹಲಸಿನ ಮೇಣ ನೀರಿನಲ್ಲಿ ಹೋಗುವುದಿಲ್ಲ, ತೆಂಗಿನೆಣ್ಣೆಯಲ್ಲಿ ಹೋಗುತ್ತದೆ. ಯಾಕೆ ಎಂಬುದನ್ನು ದ್ರಾವಕಗಳ ಪಾಠಕ್ಕೆ ಬಿಡುತ್ತೇನೆ.

ಇಡುವಾಗ

ಶಾಲೆಯ ಸಂಗ್ರಹಕ್ಕೆ ಕತ್ತಿ ಬಂದರೆ ಮೊದಲು ಕೇಳಬೇಕಾದದ್ದು, ಇದನ್ನು ಯಾರಾದರೂ ಈಗಲೂ ಬಳಸುತ್ತಿದ್ದಾರಾ ಅಂತ. ಬಳಸುತ್ತಿದ್ದರೆ ಅಂದೇ ಹಿಂದೆ ಕೊಡಿ. ಇಲ್ಲವಾದರೆ ಉಜ್ಜುವ ಮೊದಲು ಅಲ್ಲ, ಉಜ್ಜುವ ಬದಲು, ಬರೆದಿಡಿ: ಉದ್ದ, ಅಗಲ, ಬೆನ್ನಿನ ದಪ್ಪ, ತೂಕ, ಮುದ್ರೆ ಇದ್ದರೆ ಅದರ ಫೋಟೋ, ಯಾರ ಮನೆಯದು, ಏನು ಕೊಯ್ಯುತ್ತಿದ್ದರು. ಸಡಿಲ ಧೂಳನ್ನು ಬಟ್ಟೆಯಲ್ಲಿ ಒರೆಸಿ, ಹೊಲಿಗೆ ಯಂತ್ರದ ಎಣ್ಣೆಯ ತೆಳು ಪದರ ಸವರಿದರೆ ಸಾಕು. ಬರಿಗೈಯಲ್ಲಿ ಅಲಗು ಮುಟ್ಟಬೇಡಿ, ಬೆವರಿನ ಉಪ್ಪು ಬೆರಳಚ್ಚಿನ ಆಕಾರದಲ್ಲೇ ತುಕ್ಕು ಹಿಡಿಸುತ್ತದೆ. ಚರ್ಮದ ಒರೆಯಲ್ಲಿ ಇಟ್ಟರೆ ತೇವ ಒಳಗೇ ಕೂರುತ್ತದೆ. ಬಾಯಿಗೆ ಹಾಳೆಯ ಕವಚ ಹಾಕಿ, ಕಪಾಟಿಗೆ ಬೀಗ ಹಾಕಿ.

ಕಾನೂನಿನ ಮಾತೂ ಒಂದಿದೆ. 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಇರುವ ಕತ್ತಿಗಳು ಆಯುಧ ನಿಯಮಗಳ ಪಟ್ಟಿಯಲ್ಲಿ ಬರುತ್ತವೆ. ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಯ ಕೆಲಸಕ್ಕೆ ಮಾಡಿದವಕ್ಕೆ ವಿನಾಯಿತಿ ಇದೆ. ಮೆಟ್ಟುಕತ್ತಿ ಸರಿ, ಯಾರದೋ ಮನೆಯ ಖಡ್ಗವನ್ನು ಶಾಲೆಗೆ ತರಿಸುವುದು ಬೇಡ. ನೂರು ವರ್ಷ ದಾಟಿದ ವಸ್ತುವಿಗೆ 1972ರ ಪ್ರಾಚ್ಯವಸ್ತು ಕಾಯಿದೆ ಅನ್ವಯಿಸಬಹುದು. ದಂತದ ಹಿಡಿ ಇದ್ದರೆ ಅದರ ಮಾರಾಟವೇ ನಿಷೇಧ. ನಮ್ಮ ನೆರೆಯ ಕೊಡಗಿನಲ್ಲಿ ಮದುಮಗ ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿ ಅಲಂಕಾರದ್ದು, ಮದುವೆಯಲ್ಲಿ ಬಾಳೆ ಕಡಿಯುವ ಒಡಿಕತ್ತಿ ಕೆಲಸದ್ದು. ಒಂದೇ ಮನೆಯಲ್ಲಿ ಎರಡಕ್ಕೂ ಜಾಗವಿದೆ, ಒಂದರ ಕೆಲಸ ಇನ್ನೊಂದಕ್ಕೆ ಕೊಡುವುದಿಲ್ಲ.

ಅಜ್ಜಿಯ ಕತ್ತಿಗೆ ಬಳಿದ ವಾರ್ನಿಶನ್ನು ತೆಗೆಯಲು ಅರ್ಧ ದಿನ ಹಿಡಿಯಿತು. ಟರ್ಪೆಂಟೈನಿನಲ್ಲಿ ಒರೆಸಿ, ಸೋಪಿನಲ್ಲಿ ತೊಳೆದು, ಆಚಾರಿಯವರಿಂದ ಬಾಯಿಯ ಹಿಂದಿನ ದಪ್ಪವನ್ನು ಸ್ವಲ್ಪ ತೆಳು ಮಾಡಿಸಿ ನಾನೇ ಮನೆಗೆ ತಲುಪಿಸಿದೆ. ಅಜ್ಜಿ ಮೂಸಿ ನೋಡಿದರು, ಏನೂ ಹೇಳಲಿಲ್ಲ, ಒಂದು ತುಂಡು ಬಾಳೆದಿಂಡು ಕೊಯ್ದು ಬಿಸಾಡಿ, ಎರಡನೆಯದನ್ನು ಪಾತ್ರೆಗೆ ಹಾಕಿದರು.

ಕಪಾಟಿನಲ್ಲಿ ಈಗ ಆ ಜಾಗದಲ್ಲಿ ಒಂದು ಚಾರ್ಟು ಕಾಗದ ಇದೆ. ಹಿಂದೆ ಕೊಡುವ ಮೊದಲು ಮಕ್ಕಳು ಅಲಗಿನ ಸುತ್ತ ಪೆನ್ಸಿಲ್ ಓಡಿಸಿ ಅದರ ಅಂಚು ಬರೆದು, ದಿನಾಂಕ ಹಾಕಿದ್ದರು. ಈ ಜೂನಿನಲ್ಲಿ ಅಜ್ಜಿಯ ಒಪ್ಪಿಗೆ ಕೇಳಿ, ಅವರ ಅಂಗಳದಲ್ಲೇ ಕೂತು ಅದೇ ಕಾಗದದ ಮೇಲೆ ಮತ್ತೊಮ್ಮೆ ಬರೆದರು. ಎರಡು ಗೆರೆಗಳೂ ಒಂದರ ಮೇಲೊಂದು ಕೂತವು. ವರ್ಷದ ಸವೆತ ಅರ್ಧ ಮಿಲಿಮೀಟರ್, ಪೆನ್ಸಿಲ್ ಗೆರೆಯ ದಪ್ಪವೂ ಹೆಚ್ಚುಕಡಿಮೆ ಅಷ್ಟೇ. ಮುಂದಿನ ಸಲ ವರ್ನಿಯರ್ ಕ್ಯಾಲಿಪರ್ಸ್ ತೆಗೆದುಕೊಂಡು ಹೋಗೋಣ ಅಂದರು ಮಕ್ಕಳು. ಅಲಗಿನ ಯಾವ ಜಾಗದಲ್ಲಿ ಅಳೆಯಬೇಕು, ಪ್ರತಿವರ್ಷ ಅದೇ ಜಾಗ ಎಂದು ಗುರುತಿಸುವುದು ಹೇಗೆ, ಅಜ್ಜಿಯ ಕತ್ತಿಗೆ ಗೀರು ಹಾಕದೆ. ಅದು ಇನ್ನೂ ತೀರ್ಮಾನವಾಗಿಲ್ಲ.